ಏಳನೇ ಡೆಮೊ

ಫೆಬ್ರವರಿ 3, ಸೋಮವಾರ

ಹೊಸ ಕೆಲಸದ ಮೊದಲ ದಿನ. ಮಾಲೀಕರು ಹೆಡ್‌ಫೋನ್ ಕೈಗಿಟ್ಟು, "ಡೆಮೊ ಎಲ್ಲ ಒಂದು ಸಲ ಕೇಳಿ. ಏನನ್ನಿಸುತ್ತೋ ಮುಚ್ಚುಮರೆ ಇಲ್ಲದೆ ಹೇಳಿಬಿಡಿ" ಅಂದರು. ಕೇಳಿದೆ. "ಯಾರೋ ಕಂಬಳಿ ಹೊದ್ದುಕೊಂಡು ಒಳಗಿಂದಲೇ ಮಾತಾಡಿದ ಹಾಗಿದೆ ಸರ್" ಅಂದೆ. ಅವರ ಮುಖ ಇಷ್ಟು ಚಿಕ್ಕದಾಯಿತು. ಮುಚ್ಚುಮರೆ ಬೇಡ ಅನ್ನುವವರಿಗೂ ಒಂದು ಚೂರು ಮುಚ್ಚುಮರೆ ಬೇಕಾಗಿರುತ್ತದೆ.

ಇವರು ಮಾರುವುದು ಪಕ್ಕವಾದ್ಯದ ಸಾಫ್ಟ್‌ವೇರು. ಒಬ್ಬರೇ ಕೂತು ಹಾಡುವವರು ಶ್ರುತಿ ಯಾವುದು, ಎಷ್ಟು ಚುರುಕು, ಯಾವ ಧಾಟಿ ಅಂತ ಒತ್ತಿದರೆ ಸಾಕು, ಪಿಯಾನೊ, ಗಿಟಾರು, ಡ್ರಮ್ಸು ಎಲ್ಲವನ್ನೂ ಅದೇ ನುಡಿಸುತ್ತದೆ. ಕೊಳ್ಳುವ ಮುಂಚೆ ಜನ ಕೇಳಿ ನೋಡಲಿ ಅಂತ ತಮ್ಮ ವೆಬ್‌ಪುಟದಲ್ಲಿ ಮಾದರಿಗೆ ಇಪ್ಪತ್ತು ಹಾಡು ಇಟ್ಟಿದ್ದಾರೆ. ಅವೇ ಡೆಮೊ. ಬೇಗ ತೆರೆದುಕೊಳ್ಳಲಿ ಅಂತ ಫೈಲುಗಳನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿದ್ದಾರೆ. ಅದರ ಮೇಲೆ ಗುಂಯ್‌ಗುಡುವ ಪ್ರತಿಧ್ವನಿ ಬೇರೆ, ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ಡ್ರಮ್ಸಿನ ಕಂಚಿನ ತಟ್ಟೆ ಝಲ್ ಅನ್ನುವ ಬದಲು ಕಾಗದ ಮುದುಡಿದ ಸದ್ದು ಮಾಡುತ್ತದೆ.

"ಎಲ್ಲ ಹೊಸದಾಗಿ ಮಾಡಬೇಕು" ಅಂದೆ. "ಮಾಡಿ, ಅದಕ್ಕೇ ನಿಮ್ಮನ್ನ ಕರೆಸಿದ್ದು" ಅಂದರು.

ನನಗೆ ಕೊಟ್ಟ ಕೋಣೆ ಹಿಂದೆ ಉಗ್ರಾಣವಾಗಿತ್ತಂತೆ. ಕಿಟಕಿ ಇಲ್ಲ. ಹೊರಗಿನ ಸದ್ದು ಬರದಿರಲಿ ಅಂತ ಗೋಡೆಗೆ ಹಳೆ ಹಾಸಿಗೆಗಳನ್ನು ಒರಗಿಸಿದ್ದಾರೆ. ಬಾಗಿಲು ಹಾಕಿಕೊಂಡರೆ ನನ್ನ ಉಸಿರು ನನಗೇ ಕೇಳುತ್ತದೆ. ಚೆನ್ನಾಗಿದೆ. ಇಷ್ಟು ವರ್ಷ ಇನ್ನೊಬ್ಬರ ಉಸಿರಿಗೆ ಕಿವಿ ಕೊಟ್ಟದ್ದು ಸಾಕು.

ಫೆಬ್ರವರಿ 5, ಬುಧವಾರ

ಪ್ರೋಗ್ರಾಂ ಬರೆಯುವ ನಾಲ್ವರು ಕಿವಿಗೆ ಏನಾದರೂ ಸಿಕ್ಕಿಸಿಕೊಂಡೇ ಇರುತ್ತಾರೆ. ಮಾತಾಡಿಸಬೇಕೆಂದರೆ ಭುಜ ತಟ್ಟಬೇಕು. ಕಚೇರಿಯಲ್ಲಿ ಮಾತು ಅಂತ ಇರುವುದು ಗ್ರಾಹಕರ ಫೋನು ತೆಗೆದುಕೊಳ್ಳುವವರ ಹತ್ತಿರ ಮಾತ್ರ. ಐವತ್ತು ದಾಟಿದ ಮನುಷ್ಯ. ಮೂರು ಸಲ ಹಲೋ ಅನ್ನದೆ ಮುಂದಕ್ಕೆ ಹೋಗುವುದಿಲ್ಲ, ಅದಕ್ಕೇ ಎಲ್ಲರೂ ಹಲೋರಾಯರು ಅನ್ನುತ್ತಾರೆ. ಅವರೂ ಅದಕ್ಕೇ ಓಗೊಡುತ್ತಾರೆ. ಊಟಕ್ಕೆ ಬನ್ನಿ ಅಂತ ಕರೆದರು. ಕೆಲಸ ಇದೆ ಅಂದೆ. ಕೆಲಸವೇನೂ ಇರಲಿಲ್ಲ. ಹಾಸಿಗೆಗಳ ನಡುವೆ ಕೂತು ಬ್ರೆಡ್ಡು ತಿಂದೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಕೆಳಗಿನ ಮನೆಯ ಒಡತಿ ಮೆಟ್ಟಿಲ ಮೇಲೇ ತಡೆದು ನಿಲ್ಲಿಸಿದರು. "ಏನಮ್ಮ, ನೀನು ಇದ್ದೀಯೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಮುಂಚೆ ಇದ್ದವರು ಕುರ್ಚಿ ಎಳೆಯೋರು, ಜಗಳ ಆಡೋರು. ಅವರನ್ನ ಬೈಕೊಂಡಾದ್ರೂ ಹೊತ್ತು ಹೋಗ್ತಿತ್ತು."

"ಸದ್ದು ಮಾಡದ ಬಾಡಿಗೆಯವಳು ಸಿಗೋದು ಒಳ್ಳೇದಲ್ವಾ?" ಅಂದೆ.

"ಸಂಗೀತದವಳು ಅಂತ ನೀನೇ ಅಂದಿದ್ದೆ. ಒಂದು ದಿನಾನೂ ಏನೂ ಕೇಳಿಸಲಿಲ್ಲ."

ಕೀಬೋರ್ಡು ಮಂಚದ ಕೆಳಗಿದೆ, ಮೇಲೆ ಚಳಿಗಾಲದ ಬಟ್ಟೆಯ ಗಂಟಿದೆ ಅಂತ ಅವರಿಗೆ ಹೇಳಿ ಏನಾಗಬೇಕು. ಬಸ್ಸಿಗೆ ಹೊತ್ತಾಯಿತು ಅಂತ ಇಳಿದುಬಿಟ್ಟೆ.

ಫೆಬ್ರವರಿ 14, ಶುಕ್ರವಾರ

ಏಳನೇ ಡೆಮೊ ಈ ವಾರವೆಲ್ಲ ನನ್ನ ಪ್ರಾಣ ತಿಂದಿದೆ. ನಿಧಾನದ ಹಾಡು. ಹಿಂಡುವುದನ್ನು ಬಿಟ್ಟು, ಪ್ರತಿಧ್ವನಿ ತೆಗೆದು, ಒಂದೊಂದು ವಾದ್ಯಕ್ಕೂ ಅದರದರ ಜಾಗ ಬಿಡಿಸಿಕೊಟ್ಟ ಮೇಲೆ ಸದ್ದು ತಿಳಿನೀರಿನ ಹಾಗಾಯಿತು. ಆದರೆ ತಿಳಿಯಾದಷ್ಟೂ ಅದರ ಪೆಚ್ಚುತನ ಎದ್ದು ಕಾಣುತ್ತದೆ. ಮುಂಚೆಯಾದರೆ ಕಂಬಳಿಯೊಳಗೆ ಏನಾದರೂ ಇರಬಹುದು ಅನ್ನುವ ಆಸೆಯಾದರೂ ಇತ್ತು.

ಮಧ್ಯಾಹ್ನ ಬೇಸತ್ತು, ಯಂತ್ರದ ಪಿಯಾನೊ ನಿಲ್ಲಿಸಿ, ಕಚೇರಿಯ ಕೀಬೋರ್ಡಿನಲ್ಲಿ ಆ ಭಾಗವನ್ನು ನಾನೇ ನುಡಿಸಿಬಿಟ್ಟೆ. ಒಂದೇ ಸಲಕ್ಕೆ ಕೂತಿತು. ಎರಡನೇ ಚರಣಕ್ಕೆ ಮುಂಚೆ ಬೆರಳುಗಳು ತಾವಾಗಿಯೇ ಒಂದು ಚೂರು ತಡೆದವು. ಅಲ್ಲಿ ಹಾಡುವವರಿಗೆ ಉಸಿರು ಬೇಕಾಗುತ್ತದೆ.

ಮಾಲೀಕರು ಕಣ್ಣು ಮುಚ್ಚಿಕೊಂಡು ಕೇಳಿದರು. "ನೋಡಿದ್ರಾ! ಸದ್ದು ಒಂದು ಸರಿಹೋದರೆ ನಮ್ಮ ಸಾಫ್ಟ್‌ವೇರು ಎಷ್ಟು ಚೆನ್ನಾಗಿ ನುಡಿಸುತ್ತೆ!" ನಾನು ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಪುಟದಲ್ಲಿ ಹಾಕಿಬಿಟ್ಟರು.

ಫೆಬ್ರವರಿ 20, ಗುರುವಾರ

ಕುಡಿಯುವ ನೀರಿನ ಹತ್ತಿರ ಹಲೋರಾಯರು ಸಿಕ್ಕಿದರು. "ಇದಕ್ಕೆ ಮುಂಚೆ ಎಲ್ಲಿದ್ರಿ ಮೇಡಂ?" ಅಂದರು. ಅಕ್ಕನ ಜೊತೆ ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. ಲೋಟ ಖಾಲಿಯಾದರೂ ನನ್ನ ಮಾತು ಮುಗಿಯಲಿಲ್ಲ.

ಅಕ್ಕ ಹಾಡುವವಳು, ನಾನು ನುಡಿಸುವವಳು. ಮದುವೆ, ಹೋಟೆಲು, ಕ್ಲಬ್ಬು, ನಿವೃತ್ತರ ಬೀಳ್ಕೊಡುಗೆ, ಯಾವುದನ್ನೂ ಬಿಟ್ಟವರಲ್ಲ ನಾವು. ಅವಳು ಉಸಿರೆಳೆದುಕೊಳ್ಳುವುದು ಕೇಳಿದರೆ ಮುಂದಿನ ಸಾಲನ್ನು ಎಲ್ಲಿಗೆ ಒಯ್ಯುತ್ತಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ಎರಡು ವರ್ಷದ ಹಿಂದೆ ಕಾರ್ಯಕ್ರಮ ಗೊತ್ತು ಮಾಡುವ ಏಜೆಂಟು ಫೋನ್ ಮಾಡಿ, "ಈ ಸಲ ನಿಮ್ಮಕ್ಕ ಒಬ್ಬರೇ ಬಂದು ರೆಕಾರ್ಡು ಹಾಕ್ಕೊಂಡು ಹಾಡ್ತಾರಂತಲ್ಲ, ನಿಮಗೆ ಹುಷಾರಿಲ್ವಾ?" ಅಂತ ಕೇಳಿದ. ನನಗೆ ಗೊತ್ತಾದದ್ದೇ ಹಾಗೆ.

"ಒಬ್ಬರೇ ಬರೋದಾದ್ರೆ ಮಾತ್ರ ಕರೀತೀವಿ ಅಂದ್ರು ಕಣೇ. ನಿನಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ" ಅಂದಳು ಅಕ್ಕ. ಭಾವ ಮಾತಿನ ಮಲ್ಲರು. ದಾರಿ ಕೇಳಲು ನಿಂತವರನ್ನೂ ಅರ್ಧ ಗಂಟೆ ನಿಲ್ಲಿಸಿಕೊಳ್ಳುವ ಮನುಷ್ಯ. ಅವತ್ತು ಅವರು ಇಬ್ಬರ ನಡುವೆ ಓಡಾಡಿ ಎಷ್ಟು ಮಾತು ಖರ್ಚು ಮಾಡಿದರೋ. ನಾನು ಕೀಬೋರ್ಡು ಎತ್ತಿಕೊಂಡು ಹೊರಟುಬಂದೆ. ಊರಿನ ಈ ಕೊನೆಯಲ್ಲಿ ಮನೆ ಮಾಡಿದೆ, ಫೋನ್ ನಂಬರೂ ಬದಲಾಯಿಸಿದೆ.

"ಆಮೇಲೆ ಬಂದು ಬಂದು ಮೆಷಿನ್ ಕಂಪನಿಗೇ ಸೇರಿಕೊಂಡ್ರಾ?" ಅಂದರು ಹಲೋರಾಯರು. ಹೊಟ್ಟೆಪಾಡು ಅಂದೆ. ಹಟಕ್ಕೆ ಅಂದಿದ್ದರೆ ನಗುತ್ತಿದ್ದರೇನೋ.

ಫೆಬ್ರವರಿ 27, ಗುರುವಾರ

ಹನ್ನೊಂದು ಗಂಟೆ ಹೊತ್ತಿಗೆ ಹಲೋರಾಯರು ಬಾಗಿಲು ತಟ್ಟಿದರು. "ಸೌಂಡಿನ ದೂರು ಮೇಡಂ, ನನಗೆ ತಲೆಬುಡ ತಿಳೀತಿಲ್ಲ. ಸ್ಪೀಕರಿಗೆ ಹಾಕ್ತೀನಿ, ನೀವೂ ಒಂದು ಕಿವಿ ಕೊಡಿ." ಹೋಗಿ ಅವರ ಮೇಜಿನ ಹತ್ತಿರ ನಿಂತೆ.

"ನಿಮ್ಮ ಏಳನೇ ಡೆಮೊ ಕೇಳಿ ನಾನು ಇದನ್ನ ತಗೊಂಡಿದ್ದು. ಮನೇಲಿ ಅದೇ ಧಾಟಿ, ಅದೇ ಶ್ರುತಿ ಇಟ್ಟರೂ ಹಾಗೆ ಬರ್ತಾ ಇಲ್ಲ."

ಅಕ್ಕ. ಅಕ್ಕನ ದನಿ.

"ಸದ್ದು ಚೆನ್ನಾಗಿ ಬರ್ತಿಲ್ವಾ ಅಮ್ಮ?" ಅಂದರು ಹಲೋರಾಯರು.

"ಸದ್ದು ಚೆನ್ನಾಗೇ ಇದೆ. ಡೆಮೊದಲ್ಲಿ ಎರಡನೇ ಚರಣಕ್ಕೆ ಮುಂಚೆ ಕಾಯುತ್ತೆ. ಮನೇಲಿ ಕಾಯಲ್ಲ, ನುಗ್ಗಿಕೊಂಡು ಹೋಗುತ್ತೆ. ಆ ಡೆಮೊದಲ್ಲಿ ನುಡಿಸಿದ್ದು ಯಾರು?"

ಹಲೋರಾಯರು ನನ್ನ ಮುಖ ನೋಡಿದರು. ನಾನು ಬೇಡ ಅಂತ ಕೈಯಾಡಿಸಿದೆ. "ಮೆಷಿನ್ನೇ ಅಮ್ಮ" ಅಂದರು ಪಾಪ.

ಆ ಕಡೆ ಉಸಿರೆಳೆದುಕೊಂಡ ಸದ್ದು. "ಹಾಗೋ. ಸರಿ, ಮತ್ತೆ ಫೋನ್ ಮಾಡ್ತೀನಿ."

ಆ ಗ್ರಾಹಕರ ದನಿ ಬಡವಾಗಿದೆ. ಫೋನಿನ ಸ್ಪೀಕರು ಅಗ್ಗದ್ದು, ಅದಕ್ಕೇ ಇರಬೇಕು.

ಫೆಬ್ರವರಿ 28, ಶುಕ್ರವಾರ

ಫೋನ್ ಬರಲಿಲ್ಲ. ಬರಲಿ ಅಂತ ನಾನೇನೂ ಕಾಯುತ್ತಿರಲಿಲ್ಲ. ಹಲೋರಾಯರ ಮೇಜಿನ ಹತ್ತಿರ ಫ್ಯಾನು ಚೆನ್ನಾಗಿ ಬೀಸುತ್ತದೆ. ಊಟ ಅಲ್ಲೇ ಮಾಡಿದೆ.

ಮಾರ್ಚ್ 4, ಮಂಗಳವಾರ

ಇವತ್ತು ಬಂತು. ಹಲೋರಾಯರು ಕೇಳದೆಯೇ ಸ್ಪೀಕರಿಗೆ ಹಾಕಿದರು.

"ಅಷ್ಟು ವೇಗಕ್ಕೆ ಹಾಡೋದು ಕಷ್ಟ ಆಗ್ತಿದೆಯಾ ಅಮ್ಮ? ನಿಧಾನಕ್ಕೆ ಇಡೋದು ಹೇಗೆ ಅಂತ ಹೇಳಿಕೊಡ್ಲಾ?"

"ನನಗಲ್ಲಪ್ಪ, ನಮ್ಮ ಮನೆಯವರಿಗೆ. ಅಕ್ಟೋಬರಿನಲ್ಲಿ ಸ್ಟ್ರೋಕ್ ಆಯ್ತು. ಕೈಕಾಲು ಸುಮಾರಾಗಿ ಬಂತು, ಮಾತು ಬರಲಿಲ್ಲ. ಹಾಡಿಸಿ ನೋಡಿ ಅಂದ್ರು ಡಾಕ್ಟರು. ಆಡೋಕೆ ಆಗದ ಪದ ಹಾಡಿದರೆ ಬರುತ್ತಂತೆ. ನಿಜ, ಬರುತ್ತೆ. ಆದರೆ ನಿಧಾನ. ಒಂದು ಪದ ಬಾಯಿಗೆ ಬರೋದ್ರೊಳಗೆ ನಿಮ್ಮದು ಮುಂದಿನ ಸಾಲಿಗೆ ಓಡಿಹೋಗಿರುತ್ತೆ. ಆಗ ಅವರು ನನ್ನ ಮುಖ ನೋಡ್ತಾರೆ."

"ಅಯ್ಯೋ" ಅಂದರು ಹಲೋರಾಯರು. ಕಂಪನಿಯವರು ಹಾಗೆಲ್ಲ ಅನ್ನಬಾರದಂತೆ. ಅಂದುಬಿಟ್ಟರು.

ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಎದುರಿನ ಪರದೆಯ ಮೇಲೆ ಹತ್ತೊಂಬತ್ತನೇ ಡೆಮೊ ತೆರೆದಿತ್ತು. ಸದ್ದಿನ ಗೆರೆಗಳನ್ನು ನೋಡುತ್ತ ಕೂತೆ. ಭಾವನ ಮಾತು ಹೋಗಿದೆ. ಅಕ್ಟೋಬರಿನಲ್ಲಿ ಹೋದದ್ದು, ನನಗೆ ಮಾರ್ಚಿನಲ್ಲಿ ಗ್ರಾಹಕರ ದೂರಾಗಿ ಬಂದು ಮುಟ್ಟಿದೆ.

ಮಾರ್ಚ್ 5, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ಸಂಜೆ ಮಂಚದ ಕೆಳಗಿಂದ ಕೀಬೋರ್ಡು ಎಳೆದೆ. ಧೂಳು ಒರೆಸಿ, ಅದೇ ನಿಧಾನದ ಹಾಡನ್ನು ಇನ್ನಷ್ಟು ನಿಧಾನಕ್ಕೆ, ಕಷ್ಟದ ಪದಗಳು ಬರುವ ಕಡೆಯೆಲ್ಲ ಜಾಗ ಬಿಟ್ಟು ನುಡಿಸಿ ರೆಕಾರ್ಡು ಮಾಡಿದೆ. ಡ್ರಮ್ಸು ಬೇಡ, ಗಿಟಾರು ಬೇಡ. ಪಿಯಾನೊದ ಸದ್ದನ್ನು ಹತ್ತಿರದಲ್ಲೇ ಇಟ್ಟೆ, ಕೇಳುವವರ ಮೊಣಕೈ ತಾಗುವಷ್ಟು ಹತ್ತಿರ. ಕೆಳಗಿನಿಂದ ಒಡತಿ ಕೂಗಿದರು: "ಇದ್ದೀಯಾ ಹಾಗಾದ್ರೆ!"

ಇವತ್ತು ಫೈಲನ್ನು ಹಲೋರಾಯರಿಗೆ ಕೊಟ್ಟು, ಮೊನ್ನೆ ಫೋನ್ ಮಾಡಿದವರಿಗೆ ಕಳಿಸಲು ಹೇಳಿದೆ. "ಯಾರು ಮೇಡಂ ಇವರು?" ಅಂದರು. ಗ್ರಾಹಕರು ಅಂದೆ. "ಹೂಂ" ಅಂದರು. ಆ ಹೂಂಗೆ ಬಹಳ ಉದ್ದ ಇತ್ತು.

ಕೆಲಸ ಅಂದ ಮೇಲೆ ದೂರು ಬಂದದ್ದನ್ನು ಸರಿಪಡಿಸಬೇಕು. ಇದರಲ್ಲಿ ಬೇರೆ ಏನೂ ಇಲ್ಲ.

ಮಾರ್ಚ್ 11, ಮಂಗಳವಾರ

ಅಕ್ಕ ಫೋನ್ ಮಾಡಿದ್ದಳು.

"ಫೈಲು ಬಂತು. ಸದ್ದು ಅಂತೂ ಪಕ್ಕದಲ್ಲೇ ಕೂತು ನುಡಿಸಿದ ಹಾಗಿದೆ. ಮೊದಲ ದಿನ ಎರಡು ಸಾಲು ಪೂರ್ತಿ ಹಾಡಿದ್ರು. ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತು ಬಂದೆ. ನಿನ್ನೆ ಆಗಲಿಲ್ಲ. ನಿನ್ನೆ ಬೇರೆ ಪದ ಸಿಕ್ಕಿಹಾಕ್ಕೊಂಡ್ತು, ಫೈಲು ಅಲ್ಲಿ ನಿಲ್ಲಲಿಲ್ಲ."

"ಇನ್ನೊಂದು ಮಾಡಿ ಕಳಿಸ್ತೀವಿ ಅಮ್ಮ."

"ಎಷ್ಟು ಅಂತ ಕಳಿಸ್ತೀರಿ? ಯಾವತ್ತು ಯಾವ ಪದ ಅಡ್ಡ ಕೂರುತ್ತೆ ಅಂತ ಅವರಿಗೇ ಗೊತ್ತಿರಲ್ಲ." ಆಮೇಲೆ, "ಫೈಲು ಮಾಡಿದವರಿಗೆ ಒಂದು ಮಾತು ಹೇಳಿ. ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಮನೆಯವರು ಚೆನ್ನಾಗಿರ್ತಾರೆ. ಮಧ್ಯಾಹ್ನಕ್ಕೆ ಸುಸ್ತಾಗಿಬಿಡ್ತಾರೆ" ಅಂದಳು.

ಫೋನಿಟ್ಟ ಮೇಲೆ ಹಲೋರಾಯರು ಕೇಳಿದರು, "ಫೈಲಿಗೆ ಬೆಳಿಗ್ಗೆ ಆದರೇನು, ಮಧ್ಯಾಹ್ನ ಆದರೇನು ಮೇಡಂ?"

"ಗೊತ್ತಿಲ್ಲ" ಅಂದೆ. ನಿಜಕ್ಕೂ ನನಗೂ ಅರ್ಥವಾಗಲಿಲ್ಲ. ಇನ್ನೂ ಹೆಚ್ಚು ಜಾಗ ಬಿಟ್ಟು ಎರಡನೇ ಫೈಲು ಶುರುಮಾಡಿದೆ. ಎಲ್ಲ ಪದಕ್ಕೂ ಜಾಗ ಬಿಟ್ಟರೆ ಹಾಡೇ ಉಳಿಯುವುದಿಲ್ಲ, ಬರೀ ಜಾಗ ಉಳಿಯುತ್ತದೆ. ಅಳಿಸಿಹಾಕಿದೆ.

ಮಾರ್ಚ್ 14, ಶುಕ್ರವಾರ

ಮಾಲೀಕರು ಕರೆದರು. ಏಳನೇ ಡೆಮೊ ಕೇಳಿ ಕೊಂಡವರು ಇನ್ನೂ ಕೆಲವರು ಅದೇ ದೂರು ಹೇಳಿದ್ದಾರಂತೆ: ಡೆಮೊದಲ್ಲಿ ಇರುವುದು ಮನೆಯಲ್ಲಿ ಬರುವುದಿಲ್ಲ. "ಸದ್ದಿನಲ್ಲಿ ಎಲ್ಲೋ ತಪ್ಪಾಗಿದೆ, ನೋಡಿ" ಅಂದರು.

"ಸದ್ದಿನಲ್ಲಿ ತಪ್ಪಿಲ್ಲ ಸರ್. ಅದರಲ್ಲಿ ಪಿಯಾನೊ ನುಡಿಸಿದ್ದು ನಾನು" ಅಂದೆ.

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಮುಚ್ಚಿ ಬಂದು ಮೆಲ್ಲಗೆ, "ಹಾಗಾದರೆ ಎಲ್ಲ ಡೆಮೊಗೂ ನೀವೇ ನುಡಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?" ಅಂದರು.

"ಗೊತ್ತಾಗುತ್ತೆ ಸರ್. ಒಬ್ಬರಿಗೆ ಆಗಲೇ ಗೊತ್ತಾಗಿದೆ" ಅಂತ ಬಾಯಿಂದ ಬಂದುಬಿಟ್ಟಿತು. ಹಾಗೆ ಅಂದ ಮೇಲೆ, ಹೌದಲ್ಲ, ಗೊತ್ತಿರಬಹುದಲ್ಲ ಅಂತ ಕುರ್ಚಿಯಲ್ಲೇ ಒಂದು ನಿಮಿಷ ಕೂತುಬಿಟ್ಟೆ.

ಅದನ್ನು ತೆಗೆದುಹಾಕುತ್ತೇನೆ, ಯಂತ್ರ ನುಡಿಸಿದ್ದನ್ನೇ ಆದಷ್ಟು ಚೆನ್ನಾಗಿ ಕೇಳುವ ಹಾಗೆ ಮಾಡಿ ಹಾಕುತ್ತೇನೆ, ಅಷ್ಟೇ ನನ್ನ ಕೈಲಾಗುವುದು ಅಂದೆ. ಅವರು ಗೊಣಗಿದರು, ಆದರೆ ಬೇಡ ಅನ್ನಲಿಲ್ಲ. ಹೊರಡುವಾಗ ನಾನೇ ತಿರುಗಿ ನಿಂತು, "ಇನ್ನು ಮೇಲೆ ನಾನು ಮಧ್ಯಾಹ್ನ ಬಂದು ಸಂಜೆ ತಡವಾಗಿ ಹೋಗ್ತೀನಿ. ಬೆಳಿಗ್ಗೆ ಬೇರೆ ಕೆಲಸ ಇದೆ" ಅಂದೆ. ಏನು ಕೆಲಸ ಅಂತ ಅವರು ಕೇಳಲಿಲ್ಲ.

ಮಾರ್ಚ್ 18, ಮಂಗಳವಾರ

ಅಕ್ಕನ ಬೀದಿಯ ತನಕ ಹೋದೆ. ತಿರುವಿನಲ್ಲಿದ್ದ ಬೀಗದ ಅಂಗಡಿ ಈಗ ಕನ್ನಡಕದ ಅಂಗಡಿಯಾಗಿದೆ. ಅವಳ ಮನೆಯ ಕಿಟಕಿ ತೆರೆದಿತ್ತು. ಒಳಗೆ ಯಂತ್ರ ನುಡಿಯುತ್ತಿತ್ತು. ಅಕ್ಕ ಒಂದು ಸಾಲು ಹಾಡಿ ನಿಲ್ಲಿಸಿದಳು. ಇನ್ನೊಂದು ದನಿ ಏನನ್ನೋ ಹಿಡಿಯಲು ಹೋಗಿ ಜಾರಿತು. ಪಿಯಾನೊ, ಡ್ರಮ್ಸು, ಗಿಟಾರು, ಯಾರೂ ಅದನ್ನು ತಿರುಗಿ ನೋಡಲಿಲ್ಲ.

ವಾಪಸ್ ಬಂದೆ. ಬರಿಗೈಯಲ್ಲಿ ಹೋಗಿ ಮಾಡುವುದಾದರೂ ಏನಿತ್ತು?

ಮಾರ್ಚ್ 22, ಶನಿವಾರ

ಕೀಬೋರ್ಡಿನ ಚೀಲ ಹೆಗಲಿಗೆ ಹಾಕಿಕೊಂಡು ಇಳಿಯುವಾಗ ಒಡತಿ ಗಾಬರಿಯಾದರು. "ಮನೆ ಖಾಲಿ ಮಾಡ್ತಿದ್ದೀಯಾ ಏನಮ್ಮ?" ಇಲ್ಲ, ಅಕ್ಕನ ಮನೆಗೆ ಹೋಗಿ ಬರ್ತೀನಿ ಅಂದೆ. "ಅಕ್ಕ ಇದ್ದಾಳಾ ನಿನಗೆ?" ಅಂದರು.

ಬಾಗಿಲು ತೆರೆದದ್ದು ಅಕ್ಕನೇ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು.

"ಎಷ್ಟು ಸಲ ಫೋನ್ ಮಾಡಬೇಕಾಗಿತ್ತೇ ನಿನಗೆ?" ಅಂದಳು.

ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಹೋಗಿದ್ದೆ, ಒಂದೂ ನೆನಪಿಗೆ ಬರಲಿಲ್ಲ. "ಬಸ್ಸು ಸಿಗಲಿಲ್ಲ" ಅಂದೆ.

"ಎರಡು ವರ್ಷ?"

ಇಬ್ಬರೂ ನಗಲಿಲ್ಲ. "ಒಳಗೆ ಬಾ, ಬಾಗಿಲಲ್ಲಿ ನಿಂತರೆ ಅವರಿಗೆ ಗಾಳಿ ಹೊಡೆಯುತ್ತೆ" ಅಂದಳು.

ಭಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅಂಗಿ ಅವರದ್ದೇ, ಆದರೆ ಬೇರೆ ಯಾರದ್ದನ್ನೋ ತೊಟ್ಟ ಹಾಗೆ ಸಡಿಲ. ನನ್ನನ್ನು ಕಂಡು ಬಾಯಿ ತೆರೆದರು. ತುಟಿ ಏನೇನೋ ಆಕಾರ ಮಾಡಿತು, ಸದ್ದು ಬರಲಿಲ್ಲ. "ಹೇಗಿದ್ದೀರಿ ಭಾವ?" ಅಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಎಡಗೈ ಎತ್ತಿ ಹಾಗೂ ಇಲ್ಲ ಹೀಗೂ ಇಲ್ಲ ಅಂತ ತಿರುಗಿಸಿದರು. ಆ ಕೈಯ ಚೇಷ್ಟೆ ಮೊದಲಿನದೇ.

ಊಟದ ಮೇಜಿನ ಮೇಲೆ ಕೀಬೋರ್ಡು ಇಟ್ಟೆ. ಅಕ್ಕ ಅವರ ಪಕ್ಕ ಕೂತು ಅವರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಾಳ ತಟ್ಟಿದಳು. ಅವಳು ಉಸಿರೆಳೆದುಕೊಂಡಳು, ನಾನು ಶುರುಮಾಡಿದೆ. ಯಾವ ಶ್ರುತಿ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲ ಸಾಲಿಗೆ ಭಾವ ಸೇರಿಕೊಂಡರು. ದನಿ ಒರಟು, ಆದರೆ ಪದಗಳು ಇಡಿಯಾಗಿ ಬಂದವು, ಒಂದೂ ಮುರಿಯಲಿಲ್ಲ. ನನ್ನ ಕಣ್ಣು ಮಂಜಾಯಿತು, ಬೆರಳುಗಳು ಮಾತ್ರ ತಮ್ಮ ಕೆಲಸ ಮಾಡಿಕೊಂಡು ಹೋದವು. ಎರಡನೇ ಸಾಲಿನ ನಡುವೆ ಅವರು ನಿಂತುಬಿಟ್ಟರು. ನಾನೂ ನಿಂತೆ. ಬೆರಳು ಕೀಲಿಗಳ ಮೇಲೇ ಇತ್ತು, ಒತ್ತಲಿಲ್ಲ. ಅಕ್ಕನ ತುಟಿ ಆ ಪದಕ್ಕೆ ಸಿದ್ಧವಾಗಿ, ಹಾಗೇ ಮುಚ್ಚಿಕೊಂಡಿತು. ಹೊರಗೆ ಯಾವುದೋ ಗಾಡಿ ಹೋಯಿತು. ಫ್ರಿಜ್ಜು ಗುಡುಗುಡು ಅಂದು ಸುಮ್ಮನಾಯಿತು. ಭಾವನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅವರು ಅಕ್ಕನ ಮುಖ ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಚಹಾ" ಅಂದರು.

ಆ ಹಾಡಿನಲ್ಲಿ ಎಲ್ಲೂ ಆ ಪದ ಇಲ್ಲ.

"ಏನಂದ್ರಿ?" ಅಂದಳು ಅಕ್ಕ.

"ಚಹಾ" ಅಂತ ಇನ್ನೊಂದು ಸಲ ಅಂದು, ಎಡಗೈಯಲ್ಲಿ ನನ್ನ ಕಡೆ ತೋರಿಸಿದರು. ಮನೆಗೆ ಬಂದವಳಿಗೆ ಇನ್ನೂ ಏನೂ ಕೊಟ್ಟಿಲ್ಲವಲ್ಲ ಅನ್ನುವ ಸಿಡುಕು ಮುಖದ ಮೇಲೆ.

ಅಕ್ಕ ಎದ್ದು ನಿಂತಳು. "ಹಾಡಿನ ಪದ ಬಿಟ್ಟು ಬೇರೆ ಒಂದು ಪದ ಆಡಿರಲಿಲ್ಲ ಕಣೇ ಇಷ್ಟು ದಿನ" ಅಂದವಳೇ ಒಳಗೆ ಹೋದಳು. ಬಹಳ ಹೊತ್ತು ನಲ್ಲಿ ಸುರಿಯುವ ಸದ್ದು ಕೇಳಿತು. ಭಾವ ಮತ್ತು ನಾನು ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಕೈ ಸುಮ್ಮನಿರಲಾರದೆ ನಾನು ಏನನ್ನೋ ಮೆಲ್ಲಗೆ ನುಡಿಸುತ್ತಿದ್ದೆ, ಏನು ಅಂತ ಈಗ ನೆನಪಿಲ್ಲ.

ಅಕ್ಕ ಮುಖ ತೊಳೆದುಕೊಂಡು ಮೂರು ಲೋಟ ಹಿಡಿದು ಬಂದಳು. ನನ್ನದನ್ನು ಮುಂದಿಟ್ಟು, "ಸಕ್ಕರೆ ಹಾಕಿದ್ದೀನಿ. ಈಗಲೂ ಹಾಕ್ಕೋತೀಯೋ ಇಲ್ವೋ, ನನಗೆ ಗೊತ್ತಿಲ್ಲ" ಅಂದಳು.

ಸಕ್ಕರೆ ಬಿಟ್ಟು ವರ್ಷದ ಮೇಲಾಯಿತು. "ಹಾಕ್ಕೋತೀನಿ" ಅಂದು ಅಷ್ಟನ್ನೂ ಕುಡಿದೆ.